ಹಂಡೆ, ಗೀಸರ್, ಸೋಲಾರ್: ಕೊಳ್ಳುವ ಮೊದಲು ಆವಿ ಹೋಗುವ ದಾರಿ ನೋಡಿ

ಕಳೆದ ಆಟಿ ತಿಂಗಳ ಒಂದು ಬೆಳಿಗ್ಗೆ ನಮ್ಮ ಬಚ್ಚಲಿನ ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬಂತು. "ಇದೆಂತ, ಎರಡು ನಲ್ಲಿಯಲ್ಲೂ ಬಿಸಿ?" ಎಂದು ಅಮ್ಮ ಕೂಗಿದರು. ಹೋಗಿ ನೋಡಿದರೆ ಗೀಸರಿನ ಒಳಗಿಂದ ಗುಳುಗುಳು ಸದ್ದು. ಕೆಳಗಿನ ಬಿಳಿ ಪೈಪ್ ಮೆತ್ತಗಾಗಿ ಜೋತುಬಿದ್ದಿತ್ತು. ಓಡಿಹೋಗಿ ಮೀಟರ್ ಬೋರ್ಡಿನ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಇಳಿಸಿದೆ. ಎಲ್ಲರೂ ಹೊರಗೆ ಜಗಲಿಯಲ್ಲಿ ಕುಳಿತೆವು. ಸದ್ದು ನಿಲ್ಲಲು ತುಂಬಾ ಹೊತ್ತು ಬೇಕಾಯಿತು.

ಆಮೇಲೆ ಬಿಚ್ಚಿ ನೋಡಿದಾಗ ತಿಳಿಯಿತು, ನೀರು ಬೇಕಾದಷ್ಟು ಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್‌ನ ಎರಡು ಪಾಯಿಂಟ್‌ಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗಾದರೆ ಕರೆಂಟ್ ಕಡಿಯುವುದೇ ಇಲ್ಲ. ಸೇಫ್ಟಿ ವಾಲ್ವ್ ಇರಲೇ ಇಲ್ಲ. ಗೀಸರ್ ಕೂರಿಸಿದವರು "ಗುಡ್ಡದ ನೀರಿಗೆ ಅದೆಲ್ಲ ಬೇಡ" ಎಂದು ಪೆಟ್ಟಿಗೆಯಲ್ಲೇ ಬಿಟ್ಟಿದ್ದರು. ಅಂದು ನಮ್ಮನ್ನು ಉಳಿಸಿದ್ದು ತೆರೆದೇ ಇದ್ದ ತಣ್ಣೀರಿನ ಪೈಪ್. ಆವಿ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಿತ್ತು. ಬಿಸಿನೀರು ಹಿಂದಕ್ಕೆ ಹೋಗಬಾರದೆಂದು ಎಷ್ಟೋ ಮನೆಗಳಲ್ಲಿ ಆ ಪೈಪಿನ ಗೇಟ್ ವಾಲ್ವ್ ಮುಚ್ಚಿಡುತ್ತಾರೆ. ನಾವೂ ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚನೆ ಬರುತ್ತದೆ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಗುಡ್ಡದ ಬದಿಯ ಮನೆ. ಆ ಘಟನೆಯ ನಂತರ ಯಾವುದನ್ನು ಹಾಕಿಸುವುದು ಎಂದು ಎರಡು ತಿಂಗಳು ವಿಚಾರಿಸಿದೆ. ಅಂಗಡಿಯವರು ಲೀಟರ್, ಸ್ಟಾರ್, ವಾರಂಟಿ, ರೇಟು ಎಲ್ಲ ಹೇಳುತ್ತಾರೆ. ನಾನು ಕೇಳುತ್ತಿದ್ದ ಪ್ರಶ್ನೆಗೆ ಮಾತ್ರ ಉತ್ತರ ಸುಲಭಕ್ಕೆ ಸಿಗುತ್ತಿರಲಿಲ್ಲ. ಥರ್ಮೋಸ್ಟಾಟ್ ಕೆಟ್ಟರೆ ಆವಿ ಎಲ್ಲಿಂದ ಹೊರಗೆ ಹೋಗುತ್ತದೆ? ಈ ಹೋಲಿಕೆಯನ್ನು ಪೂರ್ತಿ ಆ ಪ್ರಶ್ನೆಯ ಮೇಲೆಯೇ ಮಾಡಿದ್ದೇನೆ.

ಮುಚ್ಚಿದ ನೀರು ಯಾಕೆ ಅಪಾಯ

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಅದಕ್ಕಿಂತ ಬಿಸಿಯಾಗುವುದಿಲ್ಲ. ಎಷ್ಟು ಸೌದೆ ತುರುಕಿದರೂ ಆವಿಯಾಗಿ ಹೋಗುತ್ತದೆ, ಅಷ್ಟೆ. ಮುಚ್ಚಿದ ಟ್ಯಾಂಕಿನ ಕಥೆ ಬೇರೆ. ಒತ್ತಡ ಏರಿದ ಹಾಗೆ ಕುದಿಯುವ ಬಿಂದುವೂ ಏರುತ್ತದೆ. ಒತ್ತಡವನ್ನು ಬಾರ್‌ನಲ್ಲಿ ಅಳೆಯುತ್ತಾರೆ, ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್. 8 ಬಾರ್ ಒತ್ತಡದಲ್ಲಿ ಅದು 170 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿಯಾದ ನೀರು ಕುದಿಯದೆ ಸುಮ್ಮನೆ ಕುಳಿತಿರುತ್ತದೆ. ಆಗ ಟ್ಯಾಂಕ್ ಎಲ್ಲಾದರೂ ಬಿರುಕು ಬಿಟ್ಟರೆ ಒತ್ತಡ ಒಮ್ಮೆಲೇ ಇಳಿಯುತ್ತದೆ. ನೀರಿನ ಒಂದು ಪಾಲು ಕ್ಷಣದಲ್ಲಿ ಆವಿಯಾಗುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಗೋಡೆ, ಮಾಡು ಹಾರಿಸುವ ಶಕ್ತಿ ಅದೇ.

ಇದನ್ನು ತಡೆಯಲು ಮೂರು ಕಾವಲು ಇರಬೇಕು. ಮೊದಲನೆಯದು ಥರ್ಮೋಸ್ಟಾಟ್, ದಿನಾ ಕೆಲಸ ಮಾಡುವಂಥದ್ದು. ಅದು ಸೋತರೆ ಥರ್ಮಲ್ ಕಟ್-ಔಟ್ ಕರೆಂಟ್ ಕಡಿಯಬೇಕು. ಅದೂ ಸೋತರೆ ಕೊನೆಗೆ ವಾಲ್ವ್ ಅಥವಾ ತೆರೆದ ಪೈಪ್ ಆವಿಯನ್ನು ಹೊರಗೆ ಬಿಡಬೇಕು. ಮೊದಲ ಎರಡು ಕರೆಂಟಿಗೆ ಸಂಬಂಧಪಟ್ಟವು. ಮೂರನೆಯದಕ್ಕೆ ಕರೆಂಟು ಬೇಡ. ಹಾಗಾಗಿ ನನಗೆ ಮೂರನೆಯದರ ಮೇಲೆಯೇ ಹೆಚ್ಚು ನಂಬಿಕೆ.

"ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತದೆ" ಎಂದು ಹಲವರು ಹೇಳುತ್ತಾರೆ. ಆಗುವುದಿಲ್ಲ. 2 ಕಿಲೋವ್ಯಾಟ್ ಗೀಸರ್ ನೀರು ತಣ್ಣಗಿದ್ದಾಗಲೂ ಸುಮಾರು 9 ಆಂಪಿಯರ್ ಎಳೆಯುತ್ತದೆ, ಕುದಿಯುವಾಗಲೂ ಅಷ್ಟೇ ಎಳೆಯುತ್ತದೆ. ನೀರು ಎಷ್ಟು ಬಿಸಿಯಾಗಿದೆ ಎಂದು ಎಂಸಿಬಿಗೆ ಗೊತ್ತಾಗುವುದಿಲ್ಲ. ಇಎಲ್‌ಸಿಬಿ ಶಾಕ್ ಹೊಡೆಯದಂತೆ ಕಾಯುತ್ತದೆ, ಅದು ಬೇಕೇ ಬೇಕು. ಆದರೆ ಬಿಸಿ ಏರುವುದನ್ನು ಅದೂ ತಡೆಯುವುದಿಲ್ಲ.

ಹಂಡೆ ಮತ್ತು ತಾಮ್ರದ ಬಾಯ್ಲರ್

ನಮ್ಮ ಕಡೆ ಸೌದೆಗೆ ಬರವಿಲ್ಲ. ತೋಟದಲ್ಲಿ ಅಡಿಕೆ ಸೋಗೆ, ತೆಂಗಿನ ಮಡಲು, ಸಿಪ್ಪೆ, ಗೆರಟೆ ಬೇಕಾದಷ್ಟು ಬೀಳುತ್ತದೆ. ಹಾಗಾಗಿ ಗೀಸರ್ ಇದ್ದ ಮನೆಯಲ್ಲೂ ಬಚ್ಚಲಿನ ಹಂಡೆ ಉಳಿದಿದೆ. ದೀಪಾವಳಿಗೆ ನೆಂಟರೆಲ್ಲ ಸೇರಿ ಎಣ್ಣೆಸ್ನಾನಕ್ಕೆ ಸಾಲು ನಿಂತಾಗ 15 ಲೀಟರ್ ಗೀಸರ್ ಯಾವ ಮೂಲೆಗೆ ಸಾಕು?

ಸಿಡಿಯುವ ಅಪಾಯ ನೋಡಿದರೆ ಹಂಡೆಯಷ್ಟು ನಿಶ್ಚಿಂತೆಯದು ಬೇರೆ ಇಲ್ಲ. ಬಾಯಿ ತೆರೆದಿದೆ. ಮುಚ್ಚಳ ಸುಮ್ನೆ ಮೇಲೆ ಕುಳಿತಿದೆ. ಹಂಡೆಯ ಅಪಾಯ ಇರುವುದು ಮೈ ಸುಡುವುದರಲ್ಲಿ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. 50 ಡಿಗ್ರಿಯಾದರೆ ಅದಕ್ಕೆ ಸುಮಾರು 5 ನಿಮಿಷ ಬೇಕು. ಮಕ್ಕಳ ಮತ್ತು ವಯಸ್ಸಾದವರ ಚರ್ಮಕ್ಕೆ ಇನ್ನೂ ಬೇಗ. ಹಂಡೆಯ ನೀರು 80, 90 ಡಿಗ್ರಿ ಆಗಿರುವುದು ಸಾಮಾನ್ಯ. ತಂಬಿಗೆಯಲ್ಲಿ ಮೊಗೆದು ಹಾಕುವಾಗ ಕೈ ಜಾರಿದರೆ ಮುಗಿಯಿತು. ಹಂಡೆಯ ಬುಡಕ್ಕೆ ನಲ್ಲಿ ಕೂರಿಸಿದರೆ ಮೊಗೆಯುವ ಕೆಲಸವೇ ಇಲ್ಲ. ಬಾಲ್ದಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನಮ್ಮ ಅಜ್ಜಿ ಇದನ್ನು ಮಕ್ಕಳಿಗೆ ಬೈದು ಬೈದು ಕಲಿಸಿದ್ದರು. ಗೀಸರ್ ಇರುವ ಮನೆಗೂ ಇದೇ ಕ್ರಮ ಒಳ್ಳೆಯದು.

ನಡುವೆ ಹೊಗೆಕೊಳವೆ ಇರುವ ತಾಮ್ರದ ಬಾಯ್ಲರ್ ಹಂಡೆಗಿಂತ ಬೇಗ ಕಾಯುತ್ತದೆ, ಸೌದೆಯೂ ಕಡಿಮೆ ಸಾಕು. ಅದರ ಮೇಲೆ ಒಂದು ಆಲಿಕೆ ಇರುತ್ತದೆ. ತಣ್ಣೀರು ಸುರಿದಷ್ಟು ಬಿಸಿನೀರು ನಲ್ಲಿಯಲ್ಲಿ ಬರುತ್ತದೆ. ಆ ಆಲಿಕೆಯೇ ಆವಿಯ ದಾರಿ ಕೂಡ. ಹಾಗೆಯೇ ಬಳಸಿದರೆ ಹೆದರಿಕೆ ಇಲ್ಲ. ತೊಂದರೆ ಶುರುವಾಗುವುದು ಸುರಿಯುವ ಕೆಲಸ ತಪ್ಪಲಿ ಎಂದು ಆಲಿಕೆ ತೆಗೆದು ನೇರ ಪೈಪ್ ಜೋಡಿಸಿದಾಗ. ಒಂದು ಕಡೆ ಗೇಟ್ ವಾಲ್ವ್, ಇನ್ನೊಂದು ಕಡೆ ನಲ್ಲಿ. ಎರಡೂ ಮುಚ್ಚಿದರೆ ಅದು ಬಾಂಬೇ ಸರಿ. ಗೀಸರಿನ ಸ್ವಿಚ್ ಆರಿಸಬಹುದು. ಉರಿಯುವ ಸೌದೆಗೆ ಸ್ವಿಚ್ ಇಲ್ಲ, ಥರ್ಮೋಸ್ಟಾಟ್ ಇಲ್ಲ, ಕಟ್-ಔಟ್ ಇಲ್ಲ. ಮೂರು ಕಾವಲುಗಳಲ್ಲಿ ಉಳಿಯುವುದು ಕೊನೆಯದೊಂದೇ.

ಅದಕ್ಕೆ ಸೌದೆಯಿಂದ ಕಾಯುವ ಯಾವ ಟ್ಯಾಂಕಿಗೂ ನನ್ನ ಮಾತು ಒಂದೇ. ನೆತ್ತಿಯಿಂದ ಒಂದು ಪೈಪ್ ಮೇಲಕ್ಕೆ ಹೋಗಿ ಗಾಳಿಗೆ ತೆರೆದಿರಬೇಕು. ಅದರ ನಡುವೆ ವಾಲ್ವ್, ನಲ್ಲಿ, ಮುಚ್ಚಳ ಯಾವುದೂ ಬೇಡ. ಅಡುಗೆ ಒಲೆಯೊಳಗೆ ತಾಮ್ರದ ಪೈಪ್ ಸುರುಳಿ ಸುತ್ತಿ ನೀರು ಕಾಯಿಸುವವರಿಗೂ ಇದೇ ಮಾತು. ಆ ಸುರುಳಿಯನ್ನು ತಂದು ಮುಚ್ಚಿದ ಗೀಸರಿಗೆ ಜೋಡಿಸಲು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ.

ಗೀಸರ್: ಚಿಕ್ಕದು ಸುರಕ್ಷಿತವೇ?

ನಾನೂ ಹಾಗೇ ಅಂದುಕೊಂಡಿದ್ದೆ. 3 ಲೀಟರಿನ ಇನ್‌ಸ್ಟಂಟ್ ಗೀಸರ್ ಚಿಕ್ಕದು, ನೀರು ಕಡಿಮೆ, ಅಪಾಯವೂ ಕಡಿಮೆ ಎಂದು. ಲೆಕ್ಕ ಹಾಕಿದ ಮೇಲೆ ಅಭಿಪ್ರಾಯ ಬದಲಾಯಿತು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 1.16 ವ್ಯಾಟ್-ಅವರ್ ಬೇಕು. 25 ಲೀಟರಿನ, 2 ಕಿಲೋವ್ಯಾಟ್ ಗೀಸರ್ ತೆಗೆದುಕೊಳ್ಳಿ. 25 ಡಿಗ್ರಿಯ ನೀರು 60 ಆಗಲು ಅರ್ಧ ಗಂಟೆ. ಥರ್ಮೋಸ್ಟಾಟ್ ಅಂಟಿಕೊಂಡಿದ್ದರೆ 100 ಮುಟ್ಟಲು ಸುಮಾರು ಒಂದು ಗಂಟೆ ಐದು ನಿಮಿಷ. 15 ಲೀಟರ್ ಆದರೆ 40 ನಿಮಿಷ. 3 ಲೀಟರಿನ, 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರಿನಲ್ಲಿ? ಬರೀ ಐದು ನಿಮಿಷ. ಸ್ವಿಚ್ ಹಾಕಿ ಟವೆಲ್ ತರಲು ಹೋಗಿ, ಫೋನ್ ಬಂತೆಂದು ನಿಂತರೆ ಸಾಕು.

ಸಿಡಿದಾಗ ಚಿಕ್ಕದರ ಹಾನಿ ಕಡಿಮೆ, ಅದು ನಿಜ. ಆದರೆ ನಾವು ಗಮನಿಸಿ ಆರಿಸಲು ಸಿಗುವ ಸಮಯವೂ ಕಡಿಮೆ. ಹಾಗಾಗಿ ಚಿಕ್ಕದರಲ್ಲಿ ಕಟ್-ಔಟ್ ಮತ್ತು ವಾಲ್ವ್ ಇನ್ನೂ ಮುಖ್ಯ. 30 ನಿಮಿಷದ ಟೈಮರ್ ಸ್ವಿಚ್ 25 ಲೀಟರಿನ ಗೀಸರಿಗೆ ಒಳ್ಳೆಯ ಸಹಾಯ. 3 ಲೀಟರಿನದಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ.

ಸ್ನಾನದ ಮನೆಗೆ ನನ್ನ ಆಯ್ಕೆ 15 ಅಥವಾ 25 ಲೀಟರಿನ ಸ್ಟೋರೇಜ್ ಗೀಸರ್. ಅಡುಗೆಮನೆಯ ಸಿಂಕಿಗಾದರೆ ಇನ್‌ಸ್ಟಂಟ್ ಸಾಕು. ಯಾವುದಾದರೂ ಐಎಸ್‌ಐ ಗುರುತು ನೋಡಿ. ಸ್ಟೋರೇಜ್ ಗೀಸರಿಗೆ ಐಎಸ್ 2082, ಇನ್‌ಸ್ಟಂಟಿಗೆ ಐಎಸ್ 8978 ಎಂಬ ಮಾನಕ ಸಂಖ್ಯೆ ಇರುತ್ತದೆ. ಅದರ ಜೊತೆಗೆ ಒತ್ತಡದ ಅಂಕಿಯನ್ನೂ ಓದಿ. ಸಾಮಾನ್ಯವಾಗಿ 6.5 ಅಥವಾ 8 ಬಾರ್ ಎಂದು ಬರೆದಿರುತ್ತದೆ. 0.8 ಎಂಪಿಎ ಎಂದಿದ್ದರೆ ಅದೂ 8 ಬಾರೇ.

ನಮ್ಮ ಕಡೆಯವರಿಗೆ ಈ ಅಂಕಿ ಯಾಕೆ ಮುಖ್ಯ? ಪೇಟೆಯ ಮನೆಯಲ್ಲಿ ಟೆರೇಸಿನ ಟ್ಯಾಂಕ್ ಬಚ್ಚಲಿಗಿಂತ ಮೂರೋ ನಾಲ್ಕೋ ಮೀಟರ್ ಮೇಲಿರುತ್ತದೆ. 10 ಮೀಟರಿಗೆ ಸುಮಾರು 1 ಬಾರ್ ಲೆಕ್ಕ, ಅಂದರೆ ಅಲ್ಲಿ ಅರ್ಧ ಬಾರ್ ಕೂಡ ಇಲ್ಲ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಹಾಗಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಬರುತ್ತದೆ. ಟ್ಯಾಂಕ್ ಗುಡ್ಡದ ಮೇಲೆಯೇ ಇರುತ್ತದೆ. ಮನೆಗಿಂತ 30 ಮೀಟರ್ ಎತ್ತರದಲ್ಲಿದ್ದರೆ ಪಂಪ್ ಇಲ್ಲದೆಯೇ 3 ಬಾರ್ ಒತ್ತಡ. ಗೀಸರ್ ತಡೆದುಕೊಳ್ಳುತ್ತದೆ, ಆದರೆ ಹಗುರಾದ ಪೈಪುಗಳು, ಹಳೆಯ ವಾಷರುಗಳು ತಡೆಯಲಿಕ್ಕಿಲ್ಲ.

ಇನ್ನೊಂದು ವಿಷಯ ಬೇಸಿಗೆಯದು. ಏಪ್ರಿಲ್, ಮೇ ತಿಂಗಳಲ್ಲಿ ಸುರಂಗದ ನೀರು ಸಣ್ಣದಾಗಿ ಲೈನಿಗೆ ಗಾಳಿ ಹೊಕ್ಕುತ್ತದೆ. ಕೆಲವು ಸಲ ಟ್ಯಾಂಕೇ ಖಾಲಿ. ನೀರಿಲ್ಲದೆ ಕಾಯಿಲ್ ಉರಿದರೆ ಕೆಂಪಗಾಗಿ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಒಂದೇ ಧಾರೆಯಾಗಿ ಬಂದ ಮೇಲೆಯೇ ಸ್ವಿಚ್ ಹಾಕಿ.

ಯಾವ ವಾಲ್ವ್?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮ್ಮ ಮನೆಯಲ್ಲಿ ತಪ್ಪಿದ್ದು ಇಲ್ಲಿಯೇ.

ಗೀಸರಿನ ಜೊತೆ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಹಿತ್ತಾಳೆ ವಾಲ್ವ್ ಎರಡು ಕೆಲಸ ಮಾಡುತ್ತದೆ. ಬಿಸಿನೀರು ತಣ್ಣೀರಿನ ಪೈಪಿಗೆ ಹಿಂದಕ್ಕೆ ಹೋಗದಂತೆ ತಡೆಯುತ್ತದೆ. ಒತ್ತಡ ಮಿತಿ ಮೀರಿದರೆ ನೀರನ್ನು ಹೊರಗೆ ಬಿಡುತ್ತದೆ. ಇದು ತಣ್ಣೀರು ಒಳಗೆ ಹೋಗುವ ಕಡೆ ಕೂರಬೇಕು. ಇದಕ್ಕೂ ಗೀಸರಿಗೂ ನಡುವೆ ಬೇರೆ ಯಾವ ನಲ್ಲಿಯೂ ಇರಬಾರದು.

ಕೆಲವು ಮನೆಗಳಲ್ಲಿ ಇದರ ಬದಲು ಬರೀ ನಾನ್-ರಿಟರ್ನ್ ವಾಲ್ವ್ ಹಾಕಿರುತ್ತಾರೆ. ಇದು ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು. ಹಿಂದಕ್ಕೆ ಹೋಗುವ ದಾರಿ ಮುಚ್ಚಿತು, ಹೊರಗೆ ಹೋಗುವ ದಾರಿ ತೆರೆಯಲೇ ಇಲ್ಲ. ನಮ್ಮ ಮನೆಯಲ್ಲಿ ಅಂದು ಹೀಗಿದ್ದರೆ ಈ ಬರಹ ಇರುತ್ತಿರಲಿಲ್ಲ. ಪ್ರೆಶರ್ ಪಂಪ್ ಹಾಕಿಸಿದ ಹೊಸ ಮನೆಯವರು ಇದನ್ನು ವಿಶೇಷವಾಗಿ ನೋಡಬೇಕು. ಪಂಪಿನ ಹತ್ತಿರವೇ ಒಂದು ನಾನ್-ರಿಟರ್ನ್ ವಾಲ್ವ್ ಇರಬಹುದು.

ಬರೀ ಒತ್ತಡಕ್ಕೆ ತೆರೆಯುವ ವಾಲ್ವಿನಲ್ಲೂ ಒಂದು ಕೊರತೆ ಇದೆ. 8 ಬಾರ್ ಆಗುವವರೆಗೆ ಅದು ಸುಮ್ಮನಿರುತ್ತದೆ. ಅಷ್ಟರಲ್ಲಿ ನೀರು 100 ಡಿಗ್ರಿಯನ್ನು ಎಷ್ಟೋ ಮೀರಿರಬಹುದು. ಟ್ಯಾಂಕ್ ಒಡೆಯಲಿಕ್ಕಿಲ್ಲ, ಆದರೆ ನಲ್ಲಿ ತಿರುಗಿಸಿದವರ ಕೈ ಮೇಲೆ ಆವಿ ನುಗ್ಗುತ್ತದೆ. ಉಷ್ಣತೆ, ಒತ್ತಡ ಎರಡಕ್ಕೂ ತೆರೆಯುವ ವಾಲ್ವ್ ಸಿಗುತ್ತದೆ. ಟಿ ಆ್ಯಂಡ್ ಪಿ ವಾಲ್ವ್ ಎನ್ನುತ್ತಾರೆ. ಟ್ಯಾಂಕಿನ ಮೇಲ್ಭಾಗದ ಬಿಸಿನೀರಿನಲ್ಲಿ ಅದರ ಕಡ್ಡಿ ಮುಳುಗಿರುತ್ತದೆ. ಸಾಮಾನ್ಯವಾಗಿ 99 ಡಿಗ್ರಿಗೆ ತೆರೆಯುತ್ತದೆ, ನೀರು ಕುದಿಯುವ ಮೊದಲೇ. ಅದನ್ನು ಕೂರಿಸಲು ಜಾಗ ಇರುವ ಮಾಡೆಲ್ ಸಿಕ್ಕಿದರೆ ಸ್ವಲ್ಪ ಹಣ ಹೆಚ್ಚಾದರೂ ತೆಗೆದುಕೊಳ್ಳಿ. ದೊಡ್ಡ ಟ್ಯಾಂಕಾದರೆ, 50 ಲೀಟರ್ ಮೇಲಾದರೆ, ಅದಿಲ್ಲದೆ ನಾನು ಕೊಳ್ಳುವುದಿಲ್ಲ.

ವಾಲ್ವ್ ಕೂರಿಸಿದ ಮೇಲೆ ಅದು ತೊಟ್ಟಿಕ್ಕುತ್ತದೆ. ಹೆದರಬೇಡಿ. ನೀರು ಬಿಸಿಯಾದಾಗ ಹಿಗ್ಗುತ್ತದೆ. 25 ಲೀಟರ್ ನೀರು 25ರಿಂದ 60 ಡಿಗ್ರಿಗೆ ಏರಿದರೆ ಸುಮಾರು 350 ಮಿಲಿಲೀಟರ್ ಜಾಸ್ತಿಯಾಗುತ್ತದೆ. ಅದು ಎಲ್ಲಾದರೂ ಹೋಗಬೇಕಲ್ಲ? ಕಾಯುವಾಗ ತೊಟ್ಟಿಕ್ಕಿ ಆಮೇಲೆ ನಿಂತರೆ ವಾಲ್ವ್ ಸರಿಯಾಗಿದೆ ಎಂದರ್ಥ. ಇಡೀ ದಿನ ತೊಟ್ಟಿಕ್ಕಿದರೆ ವಾಲ್ವ್ ಬದಲಿಸಬೇಕು, ಇಲ್ಲವೇ ಲೈನಿನ ಒತ್ತಡ ನೋಡಬೇಕು. ನೆಲ ಒದ್ದೆಯಾಗುತ್ತದೆ ಎಂದು ಆ ತೂತಿಗೆ ಎಂ-ಸೀಲ್ ಮೆತ್ತಿದ ಮನೆಗಳನ್ನು ನಾನೇ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಿಂದ ಒಂದು ಪೈಪ್ ಇಳಿಜಾರಾಗಿ ಹೊರಗೆ ಬಿಟ್ಟರೆ ಆಯಿತು. ಆ ಪೈಪಿಗೂ ನಲ್ಲಿ ಬೇಡ. ಬಿಸಿನೀರಿನ ಲೈನಿಗೆಲ್ಲ ಸಿಪಿವಿಸಿ ಹಾಕಿಸಿ, ಅದು 93 ಡಿಗ್ರಿವರೆಗೆ ತಡೆಯುತ್ತದೆ. ಸಾಮಾನ್ಯ ಪಿವಿಸಿ 60ಕ್ಕೇ ಸೋಲುತ್ತದೆ.

ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಒಳಗೆ ಇಟ್ಟ ಮೆಗ್ನೀಸಿಯಂ ಕಡ್ಡಿಯನ್ನು ಅದು ಬೇಗ ತಿಂದುಹಾಕುತ್ತದೆ. ಕಡ್ಡಿ ಮುಗಿದ ಮೇಲೆ ಟ್ಯಾಂಕನ್ನೇ ತಿನ್ನಲು ಶುರು ಮಾಡುತ್ತದೆ. ಸವೆದ ಟ್ಯಾಂಕಿಗೆ ಒತ್ತಡ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ವರ್ಷಕ್ಕೊಮ್ಮೆ ಬಿಚ್ಚಿಸಿ ಕಡ್ಡಿ ನೋಡಿ. ಕೆಂಪು ಕಸರು ಬರುವ ಬೋರ್‌ವೆಲ್ ನೀರಾದರೆ ವಾಲ್ವಿನ ಒಳಗೂ ಕಸರು ಕುಳಿತು ಅದು ಗಟ್ಟಿಯಾಗುತ್ತದೆ.

ರಿಪೇರಿಗೆ ಬಂದವರು "ಥರ್ಮೋಸ್ಟಾಟ್ ಸಿಗುವುದಿಲ್ಲ, ಡೈರೆಕ್ಟ್ ಮಾಡಿ ಕೊಡುತ್ತೇನೆ, ನೀವು ನೋಡಿ ಆಫ್ ಮಾಡಿದರಾಯಿತು" ಎನ್ನಬಹುದು. ಕಟ್-ಔಟ್ ಪದೇ ಪದೇ ಬಿದ್ದರೂ ಅದೇ ಮಾತು. ಬೇಡ ಎನ್ನಿ. ಭಾಗ ಸಿಗುವವರೆಗೆ ಹಂಡೆಯ ನೀರೇ ಸಾಕು.

ಸೋಲಾರ್

ಜನವರಿಯಿಂದ ಮೇ ತನಕ ನಮ್ಮಲ್ಲಿ ಬಿಸಿಲಿಗೇನು ಕಡಿಮೆ? ಸೋಲಾರ್ ಹಾಕಿಸಿದವರು ಆ ತಿಂಗಳುಗಳಲ್ಲಿ ಕರೆಂಟ್ ಮುಟ್ಟುವುದಿಲ್ಲ. ಆದರೆ ಬಿಸಿಲನ್ನೂ ಆರಿಸಲಾಗುವುದಿಲ್ಲ, ಸೌದೆಯ ಹಾಗೆಯೇ. ಮನೆಯವರೆಲ್ಲ ಒಂದು ವಾರ ಊರಿಗೆ ಹೋದರೆ ನೀರು ಬಳಕೆಯಾಗದೆ ಟ್ಯಾಂಕ್ ಕುದಿಯುವ ಮಟ್ಟಕ್ಕೆ ಬರಬಹುದು. ಆದ್ದರಿಂದ ಸಾಮಾನ್ಯ ಸೋಲಾರ್ ಟ್ಯಾಂಕಿನ ನೆತ್ತಿಯಲ್ಲಿ ಒಂದು ಗಾಳಿಪೈಪ್ ಇರುತ್ತದೆ. ಅದು ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದಡಿಯಾದರೂ ಮೇಲೆ ಹೋಗಿರಬೇಕು. ಇಲ್ಲದಿದ್ದರೆ ನೀರು ಅದರಲ್ಲೇ ಉಕ್ಕಿ ಹೋಗುತ್ತದೆ.

ಗುಡ್ಡದ ಮನೆಯವರು ಎಡವುವುದು ಇಲ್ಲಿಯೇ. ಸುರಂಗದ ಟ್ಯಾಂಕ್ ಮಾಡಿಗಿಂತ ಎಷ್ಟೋ ಮೇಲಿದೆ. ಅದರ ಲೈನನ್ನು ನೇರವಾಗಿ ಸೋಲಾರಿಗೆ ಕೊಟ್ಟರೆ ಗಾಳಿಪೈಪಿನಿಂದ ಹಗಲು ರಾತ್ರಿ ನೀರು ಸುರಿಯುತ್ತದೆ. ಕೂಡಲೇ ಯಾರೋ ಅದಕ್ಕೊಂದು ಎಂಡ್ ಕ್ಯಾಪ್ ಹಾಕುತ್ತಾರೆ. ನೀರು ನಿಂತಿತು ಎಂದು ಎಲ್ಲರಿಗೂ ಸಮಾಧಾನ. ಆದರೆ ಒತ್ತಡ ತಡೆಯಲು ಮಾಡಿಯೇ ಇರದ ತೆಳು ತಗಡಿನ ಟ್ಯಾಂಕ್ ಈಗ ಪೂರ್ತಿ ಮುಚ್ಚಿಹೋಗಿದೆ, ಮೇಲೆ 3 ಬಾರ್ ನೀರು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಸೋಲಾರ್ ಟ್ಯಾಂಕಿಗಿಂತ ಸ್ವಲ್ಪ ಎತ್ತರದಲ್ಲಿ ಒಂದು ಚಿಕ್ಕ ಟ್ಯಾಂಕ್ ಇಡಿ. ಗುಡ್ಡದ ಲೈನ್ ಅದಕ್ಕೆ ಫ್ಲೋಟ್ ವಾಲ್ವ್ ಮೂಲಕ ಬರಲಿ. ಅಲ್ಲಿಂದ ಸೋಲಾರಿಗೆ ಹೋಗಲಿ. ಗುಡ್ಡದ ಒತ್ತಡವೆಲ್ಲ ಆ ಟ್ಯಾಂಕಿನಲ್ಲೇ ಮುಗಿಯುತ್ತದೆ. ಗಾಳಿಪೈಪ್ ತೆರೆದೇ ಇರಬಹುದು. ಟ್ಯಾಂಕ್ ಇಡಲು ಜಾಗವೇ ಇಲ್ಲದವರು ಒತ್ತಡ ತಡೆಯುವ ಮಾಡೆಲ್ ಕೇಳಿ ಪಡೆಯಬೇಕು, ಅದಕ್ಕೆ ಟಿ ಆ್ಯಂಡ್ ಪಿ ವಾಲ್ವ್ ಕಡ್ಡಾಯ.

ಗಾಜಿನ ಟ್ಯೂಬ್ ಇರುವಂಥದ್ದಾದರೆ ಇನ್ನೊಂದು ಎಚ್ಚರ. ನೀರಿಲ್ಲದ ಟ್ಯೂಬ್ ಬಿಸಿಲಿನಲ್ಲಿ 200 ಡಿಗ್ರಿ ದಾಟಬಹುದು. ಮಧ್ಯಾಹ್ನ ಅದಕ್ಕೆ ತಣ್ಣೀರು ಬಿಟ್ಟರೆ ಒಡೆಯುತ್ತದೆ. ನೀರು ನಿಂತುಹೋಗಿದ್ದರೆ ಟ್ಯೂಬಿನ ಮೇಲೆ ಗೋಣಿ ಹೊದಿಸಿ. ಸಂಜೆ ತಣಿದ ಮೇಲೆ, ಸಾಧ್ಯವಾದರೆ ಮರುದಿನ ಬೆಳಿಗ್ಗೆ ನೀರು ತುಂಬಿಸಿ. ಊರಿಗೆ ಹೋಗುವಾಗಲೂ ಹೊದಿಸಿಯೇ ಹೋಗಿ.

ಮಳೆಗಾಲದಲ್ಲಿ ಸೋಲಾರಿನ ಒಳಗಿನ ಕರೆಂಟ್ ಕಾಯಿಲ್ ಹಾಕಬೇಕಾಗುತ್ತದೆ. ಆಗ ಅದೂ ಒಂದು ಗೀಸರೇ, ಥರ್ಮೋಸ್ಟಾಟಿನ ಮಾತೆಲ್ಲ ಅದಕ್ಕೂ ಸಲ್ಲುತ್ತದೆ.

ಗ್ಯಾಸ್ ಗೀಸರ್ ಬಗ್ಗೆ ಎರಡೇ ಮಾತು. ಟ್ಯಾಂಕ್ ಇಲ್ಲದ್ದರಿಂದ ಸಿಡಿಯುವ ಭಯ ಕಡಿಮೆ. ನಲ್ಲಿ ಮುಚ್ಚಿದ ಕೂಡಲೇ ಉರಿ ಆರಬೇಕು, ಆರದಿದ್ದರೆ ಬಳಸಬೇಡಿ. ಆದರೆ ಮುಚ್ಚಿದ ಬಚ್ಚಲಿನಲ್ಲಿ ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯೇ ಇಲ್ಲ. ಮನುಷ್ಯ ಗೊತ್ತಾಗದೆ ಬೀಳುತ್ತಾನೆ. ಹೊರಗಿನ ಗೋಡೆಗೆ ಕೂರಿಸಲು ಆಗದಿದ್ದರೆ ಅದು ನಿಮ್ಮ ಮನೆಗೆ ಬೇಡ.

ಕೊನೆಗೆ ನಾವು ಹಾಕಿಸಿದ್ದು

ದಿನಬಳಕೆಗೆ 25 ಲೀಟರಿನ ಸ್ಟೋರೇಜ್ ಗೀಸರ್, ಹಬ್ಬಕ್ಕೆ ಮತ್ತು ಕರೆಂಟ್ ಹೋದಾಗ ಹಂಡೆ. ಸೋಲಾರ್ ಬಿಟ್ಟೆವು. ನಮ್ಮ ಮಾಡಿನ ಮೇಲೆ ತೆಂಗಿನ ಮರಗಳ ನೆರಳು ಜಾಸ್ತಿ. ಬಿಸಿಲು ಬೀಳುವ ಟೆರೇಸ್ ಇರುವವರಿಗೆ, ನಾಲ್ಕೈದು ಜನ ಇರುವ ಮನೆಗೆ, ಚಿಕ್ಕ ಟ್ಯಾಂಕಿನ ಸಮೇತ ಸೋಲಾರೇ ಒಳ್ಳೆಯದು ಎನ್ನುತ್ತೇನೆ. ಥರ್ಮೋಸ್ಟಾಟನ್ನು 60ಕ್ಕೆ ಇಟ್ಟಿದ್ದೇವೆ. ತೀರ ಕಡಿಮೆ ಇಟ್ಟರೂ ತೊಂದರೆ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು.

ಗೀಸರ್ ಕೂರಿಸಲು ಬಂದವರು ಮಲಯಾಳಿ. ನಮ್ಮ ಮಾತು ಅರ್ಧ ಮಲಯಾಳ, ಅರ್ಧ ತುಳು. "ಸೇಫ್ಟಿ ವಾಲ್ವ್ ಉಂಡೋ?" ಎಂದು ಕೇಳಿದೆ. ಪೆಟ್ಟಿಗೆಯಿಂದ ತೆಗೆದು ತೋರಿಸಿದರು. ಕೂರಿಸಿದ ಮೇಲೆ ಅದರ ಚಿಕ್ಕ ಲಿವರ್ ಎತ್ತಿಸಿ, ನೀರು ಹೊರಗೆ ಬಂದದ್ದನ್ನು ನೋಡಿದ ಮೇಲೆಯೇ ದುಡ್ಡು ಕೊಟ್ಟೆ. ನೀವೂ ಕೇಳಿ, ಯಾವ ಭಾಷೆಯಲ್ಲಾದರೂ. ಲಿವರ್ ಎತ್ತುವ ಕೆಲಸ ಆರು ತಿಂಗಳಿಗೊಮ್ಮೆ ಮಾಡಬೇಕು, ನೀರು ತಣ್ಣಗಿರುವಾಗ. ನಮ್ಮಲ್ಲಿ ಒಂದು ಸಲ ವಿಷುವಿಗೆ ಮನೆ ತೊಳೆಯುವಾಗ, ಇನ್ನೊಂದು ಸಲ ದೀಪಾವಳಿಗೆ ಹಂಡೆ ತಿಕ್ಕಿ ನೀರು ತುಂಬುವ ದಿನ.

ನಮಗಾದ ಹಾಗೆ ನಿಮ್ಮ ಮನೆಯಲ್ಲೂ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬಂದರೆ, ಗೀಸರಿನಲ್ಲಿ ಕುದಿಯುವ ಸದ್ದು ಕೇಳಿದರೆ, ನಲ್ಲಿಯಿಂದ ಆವಿ ಬಂದರೆ, ಗೀಸರಿನ ಪಕ್ಕದ ಸ್ವಿಚ್ ಬೇಡ. ದೂರದ ಎಂಸಿಬಿಯನ್ನೇ ಇಳಿಸಿ. ಬಿಸಿನೀರಿನ ನಲ್ಲಿ ತಿರುಗಿಸಬೇಡಿ, ಗೀಸರಿನ ಮೇಲೆ ನೀರು ಸುರಿಯಬೇಡಿ. ಗೇಟ್ ವಾಲ್ವ್ ತೆರೆದಿದ್ದರೆ ಹಾಗೇ ಇರಲಿ. ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಹೊರಗೆ ಬನ್ನಿ. ಅದು ತಾನಾಗಿ ತಣಿಯಲು ಮೂರು ನಾಲ್ಕು ಗಂಟೆ ಬೇಕಾದರೂ ಬಿಡಿ.